ಅಮೆರಿಕಕ್ಕೆ ಮಕ್ಕಳ ಜೊತೆ ಬಂದವರಿಗೆ: ಹೆಸರು ಮತ್ತು ಮನೆಮಾತಿನ ವಿಷಯ

ನಾವು ಅಮೆರಿಕಕ್ಕೆ ಬಂದದ್ದು 2009ರಲ್ಲಿ. ಆಗ ಮಗಳಿಗೆ ಎರಡು ವರ್ಷ. ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ನಾವು ಮಾಡಿದ ತಪ್ಪುಗಳಲ್ಲಿ ಎರಡನ್ನು ಇಲ್ಲಿ ಹೇಳುತ್ತೇನೆ. ಒಂದನ್ನು ಓಡಾಡಿ, ದುಡ್ಡು ಕಟ್ಟಿ ಸರಿಮಾಡಿಕೊಂಡೆವು. ಇನ್ನೊಂದು ಪೂರ್ತಿ ಸರಿಹೋಗಲೇ ಇಲ್ಲ.

ಮೊದಲನೆಯದು ಹೆಸರು. ನಮ್ಮಲ್ಲಿ ಎಲ್ಲರಿಗೂ ಸರ್‌ನೇಮ್ ಇರುವುದಿಲ್ಲ ಅಲ್ವಾ? ನಮ್ಮ ಮನೆಯವರಿಗೆ ಇರುವುದು ಎರಡು ಇನಿಷಿಯಲ್. ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಬರೀ ಅವರ ಹೆಸರಿತ್ತು, ಸರ್‌ನೇಮ್ ಜಾಗ ಖಾಲಿ. ಅಮೆರಿಕದ ವೀಸಾದಲ್ಲಿ ಆ ಜಾಗವನ್ನು ಖಾಲಿ ಬಿಡುವುದಿಲ್ಲ. ಇರುವ ಒಂದು ಹೆಸರನ್ನೇ ಸರ್‌ನೇಮ್ ಮಾಡಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಹಾಕುತ್ತಾರೆ. ‘ಫಸ್ಟ್ ನೇಮ್ ಅನ್‌ನೋನ್’, ಅಂದರೆ ಹೆಸರು ಗೊತ್ತಿಲ್ಲ ಅಂತ. ಅದೇ ಡ್ರೈವಿಂಗ್ ಲೈಸೆನ್ಸ್‌ಗೆ ಹೋಯಿತು, ಬ್ಯಾಂಕಿಗೆ ಹೋಯಿತು. ಕ್ಲಿನಿಕ್‌ನಲ್ಲಿ ನರ್ಸ್ ಬಾಗಿಲಿಗೆ ಬಂದು ‘ಫ್ನೂ’ ಎಂದು ಕೂಗುತ್ತಿದ್ದರು. ಇವರು ಎದ್ದು ಹೋಗುತ್ತಿದ್ದರು. ಮಗ ಇಲ್ಲೇ ಹುಟ್ಟಿದ. ಅವನ ಬರ್ತ್ ಸರ್ಟಿಫಿಕೇಟಿನಲ್ಲೂ ಅಪ್ಪನ ಹೆಸರು ‘ಎಫ್‌ಎನ್‌ಯು’ ಎಂದೇ ಅಚ್ಚಾಗಿ ಬಂತು. ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಜೊತೆಗೆ ಇಟ್ಟುಕೊಂಡು ಬಂದ ಮನುಷ್ಯ ಅವರು. ಕೇಳಲು ಹೋದರೆ ‘ಸಿಸ್ಟಮ್ ತಗೊಳ್ಳಲ್ಲ’ ಎಂಬ ಒಂದೇ ಉತ್ತರ. ನೆನೆಸಿಕೊಂಡರೆ ಇವತ್ತಿಗೂ ಸಿಟ್ಟು ಬರುತ್ತದೆ.

ಹೊರಡುವ ಮೊದಲೇ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ತುಂಬಿಸಿಕೊಳ್ಳಿ. ಬಂದಾಗಿದ್ದರೆ ಇಲ್ಲಿನ ಭಾರತೀಯ ಕಾನ್ಸುಲೇಟ್ ಮೂಲಕ ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ. ನಾವು ಊರಿನ ಹೆಸರನ್ನೇ ಸರ್‌ನೇಮ್ ಮಾಡಿಕೊಂಡೆವು. ನಮ್ಮ ಮಕ್ಕಳು ಆ ಊರು ನೋಡಿರುವುದು ಎರಡೇ ಸಲ. ಆದರೂ ದಿನಾ ಅದನ್ನು ಬರೆಯುತ್ತಾರೆ. ನನಗೆ ಅದೊಂದು ಸಮಾಧಾನ.

ಸೋಷಿಯಲ್ ಸೆಕ್ಯುರಿಟಿ ನಂಬರ್, ಬ್ಯಾಂಕ್, ಬಾಡಿಗೆ ಲೀಸ್, ಮಕ್ಕಳ ಲಸಿಕೆ ಕಾರ್ಡ್, ಎಲ್ಲದರ ಎರಡೆರಡು ಕಾಪಿ ಇಟ್ಟುಕೊಳ್ಳಿ. ಅವೆಲ್ಲ ಹೇಗೋ ಆಗಿಹೋಗುತ್ತವೆ.

ಎರಡನೆಯದು ಮಾತಿನ ವಿಷಯ. ಮಗಳಿಗೆ ಮೂರು ವರ್ಷವಾದರೂ ಇಂಗ್ಲಿಷ್‌ನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಮಕ್ಕಳ ಡಾಕ್ಟರ್ ಮಾತಿನ ಟೆಸ್ಟ್ ಮಾಡಿಸಿ ಅಂದರು. ಒಂದು ಪುಟ್ಟ ರೂಮು, ಗಿಡ್ಡ ಮೇಜು. ಟೆಸ್ಟ್ ಮಾಡುವವರು ಒಂದೊಂದೇ ಚಿತ್ರದ ಕಾರ್ಡ್ ತೋರಿಸುತ್ತಿದ್ದರು. ಚಮಚದ ಚಿತ್ರ ಬಂತು. ‘ಚಮಚ’ ಅಂದಳು. ಆಮೇಲೆ ಬಾಚಣಿಗೆಯ ಚಿತ್ರ. ಕೈಯನ್ನು ತಲೆಗೆ ತಗೊಂಡು ಹೋಗಿ, ಸ್ಪಷ್ಟವಾಗಿ ‘ಬಾಚಣಿಗೆ’ ಅಂದಳು. ಎಷ್ಟು ಉದ್ದದ ಪದ ನೋಡಿ! ಮೂರು ವರ್ಷದ ಮಗು ಅದನ್ನು ಒಂದಕ್ಷರ ನುಂಗದೆ ಹೇಳಿತು. ಅವರು ಕಾಗದದ ಮೇಲೆ ಸೊನ್ನೆ ಹಾಕಿದರು. ನಾನು ಪಕ್ಕದಲ್ಲೇ ಕೂತಿದ್ದೆ. ‘ಅವಳು ಸರಿಯಾಗೇ ಹೇಳಿದಳು’ ಎನ್ನಬೇಕಿತ್ತು. ಹೇಳಲಿಲ್ಲ.

ರಿಪೋರ್ಟ್ ನೋಡಿ ಡಾಕ್ಟರ್, ‘ಎರಡು ಭಾಷೆಯಿಂದ ಮಗುವಿಗೆ ಗೊಂದಲ ಆಗಿದೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ’ ಅಂದರು. ನಾವು ತಲೆ ಆಡಿಸಿ ಬಂದೆವು. ಡಾಕ್ಟರ್, ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು ಎಂದು ಬೆಳೆದವರಲ್ಲವೇ ನಾವು? ಎದುರು ಮಾತಾಡುವುದು ಗೊತ್ತೇ ಇರಲಿಲ್ಲ.

ಆ ಸಲಹೆ ಎಷ್ಟು ಹಳೆಯದು ಎಂದು ನನಗೆ ತಿಳಿದದ್ದು ವರ್ಷಗಳ ಮೇಲೆ. ಎರಡು ಭಾಷೆ ಮಗುವಿನ ಬುದ್ಧಿಗೆ ಭಾರ ಎಂಬ ನಂಬಿಕೆ ನೂರು ವರ್ಷದ ಹಿಂದೆ ಜೋರಾಗಿತ್ತು. ಕೆನಡಾದ ಮಾಂಟ್ರಿಯಲ್‌ನಲ್ಲಿ ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಎಂಬ ಮನಃಶಾಸ್ತ್ರಜ್ಞರು ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದರು. ಫ್ರೆಂಚ್, ಇಂಗ್ಲಿಷ್ ಎರಡೂ ಚೆನ್ನಾಗಿ ಬರುವ ಮಕ್ಕಳು ಹಿಂದೆ ಬಿದ್ದಿರಲಿಲ್ಲ, ಮುಂದೆಯೇ ಇದ್ದರು. ಅದು ಪ್ರಕಟವಾದದ್ದು 1962ರಲ್ಲಿ. ನಮ್ಮ ಡಾಕ್ಟರ್ ನಮಗೆ ಕನ್ನಡ ಬಿಡಿ ಎಂದದ್ದು 2010ರಲ್ಲಿ.

ನಾವು ಬಿಟ್ಟೆವು. ನಮಗೇ ಸರಿಯಾಗಿ ಬಾರದ ಇಂಗ್ಲಿಷ್‌ನಲ್ಲಿ ಮಗುವನ್ನು ಮುದ್ದು ಮಾಡಿದೆವು, ಗದರಿದೆವು, ಮಲಗಿಸಿದೆವು. ಲಾಲಿ ಹಾಡು ನಿಂತಿತು. ಒಂದು ವರ್ಷದೊಳಗೆ ಅವಳು ಅಜ್ಜಿ ಜೊತೆ ಫೋನಿನಲ್ಲಿ ಮಾತಾಡುವುದು ನಿಲ್ಲಿಸಿದಳು. ‘ಊಟ ಆಯ್ತಾ ಪುಟ್ಟಿ?’ ಎಂದು ನಮ್ಮಮ್ಮ ಕೇಳಿದರೆ ಇವಳು ಇಂಗ್ಲಿಷ್‌ನಲ್ಲಿ ಏನೋ ಹೇಳುವಳು. ಅಮ್ಮ ನನ್ನನ್ನು ‘ಏನಂತೆ ಕಣೇ?’ ಎಂದು ಕೇಳುವರು. ಅಮ್ಮ ಈಗಿಲ್ಲ. ಅವರಿಬ್ಬರ ಮಧ್ಯೆ ಕೊನೆಯವರೆಗೂ ನಾನೇ ನಿಂತು ಮಾತು ದಾಟಿಸಿದೆ.

ಆದ್ದರಿಂದ ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಮಗು ಮಾತು ತಡಮಾಡುತ್ತಿದೆ ಅನ್ನಿಸಿದರೆ ಸುಮ್ನೆ ಕೂರಬೇಡಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೂರು ವರ್ಷದ ಒಳಗಿನ ಮಕ್ಕಳಿಗೆ ‘ಅರ್ಲಿ ಇಂಟರ್ವೆನ್ಷನ್’ ಎಂಬ ಸರ್ಕಾರಿ ಕಾರ್ಯಕ್ರಮ ಇದೆ, ಆಮೇಲೆ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ನಿಮ್ಮ ಕಡೆಯ ಸರ್ಕಾರಿ ಶಾಲೆಗಳನ್ನು ನಡೆಸುವ ಕಚೇರಿ. ಎರಡರಲ್ಲೂ ಪರೀಕ್ಷೆಗೆ ದುಡ್ಡು ಕೊಡಬೇಕಿಲ್ಲ. ವಿಶೇಷ ನೆರವು ಬೇಕಾದ ಮಕ್ಕಳ ಶಿಕ್ಷಣಕ್ಕೆಂದು ಇರುವ ‘ಐಡಿಯಾ’ ಎಂಬ ಫೆಡರಲ್ ಕಾನೂನಿನ ಪ್ರಕಾರ, ಸಾಧ್ಯವೇ ಇಲ್ಲ ಅನ್ನುವ ಸಂದರ್ಭ ಬಿಟ್ಟರೆ, ಮಗುವನ್ನು ಅದರ ಮನೆಮಾತಿನಲ್ಲಿ ಪರೀಕ್ಷಿಸಬೇಕು. ಕನ್ನಡ ಬಲ್ಲ ಇಂಟರ್‌ಪ್ರಿಟರ್ ಬೇಕು ಎಂದು ಮೊದಲೇ ಕೇಳಿ. ಬಾಯಲ್ಲಿ ಅಲ್ಲ, ಇಮೇಲ್‌ನಲ್ಲಿ. ಇಲ್ಲ ಅಂದರೆ ಆ ಉತ್ತರವೂ ಬರವಣಿಗೆಯಲ್ಲಿ ಬರಲಿ. ಮಗುವಿಗೆ ಎಷ್ಟು ಪದ ಬರುತ್ತವೆ ಎಂದು ಎಣಿಸುವಾಗ ಎರಡೂ ಭಾಷೆಯವನ್ನು ಕೂಡಿಸಿ ಎಣಿಸಬೇಕು.

ಶಾಲೆಗೆ ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಎಂದು ಕೇಳುವ ಫಾರಂ ಕೊಡುತ್ತಾರೆ. ‘ಇಂಗ್ಲಿಷ್ ಅಂತ ಬರೆದುಬಿಡಿ, ಇಲ್ಲಾಂದ್ರೆ ಬೇರೆ ಕ್ಲಾಸಿಗೆ ಹಾಕ್ತಾರೆ’ ಎಂದು ನಮ್ಮವರೇ ಜಾಸ್ತಿ ಹೇಳುತ್ತಾರೆ. ಹಾಗೆ ಮಾಡಬೇಡಿ. ಇಂಗ್ಲಿಷ್ ಬಾರದ ಮಕ್ಕಳಿಗೆ ಶಾಲೆ ಸಹಾಯ ಮಾಡಲೇಬೇಕು ಎಂದು 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಮನೆಯವರು ಹೂಡಿದ ಆ ಕೇಸಿನ ಹೆಸರು ‘ಲಾವ್ ವರ್ಸಸ್ ನಿಕೋಲ್ಸ್’. ಇಂಗ್ಲಿಷ್ ಕಲಿಸುವ ಆ ಬೇರೆ ಕ್ಲಾಸ್ ಬೇಡ ಅನ್ನಿಸಿದರೆ ಬೇಡ ಎನ್ನುವ ಹಕ್ಕೂ ನಿಮಗಿದೆ. ಮಗನ ಫಾರಂನಲ್ಲಿ ನಾನು ಕನ್ನಡ ಎಂದೇ ಬರೆದೆ. ಅವನ ಜೊತೆ ಕನ್ನಡದಲ್ಲೇ ಮಾತಾಡಿದೆ. ಅಕ್ಕನಿಗಿಂತ ಅವನ ಕನ್ನಡ ಚೆನ್ನಾಗಿದೆ. ಅವಳು ಒಮ್ಮೆ ‘ನನ್ನ ಜೊತೆ ಯಾಕಮ್ಮ ಮಾತಾಡಲಿಲ್ಲ?’ ಎಂದು ಕೇಳಿದಳು. ನಡೆದದ್ದನ್ನೆಲ್ಲ ಹೇಳಿದೆ. ಈಗ ವಾರಕ್ಕೊಮ್ಮೆ ಫೋನಿನಲ್ಲಿ ಅರ್ಧ ಗಂಟೆ ಕನ್ನಡದಲ್ಲೇ ಮಾತಾಡುತ್ತೇವೆ, ತಡವರಿಸಿಕೊಂಡು.

ನಿಮ್ಮ ಮಗುವಿನ ಟೆಸ್ಟ್‌ಗೆ ದಿನ ನಿಗದಿಯಾಗಿದ್ದರೆ, ಹಿಂದಿನ ವಾರವೇ ಒಂದು ಹಾಳೆ ತಗೊಳ್ಳಿ. ಮಗು ಮನೆಯಲ್ಲಿ ಆಡುವ ಒಂದೊಂದು ಕನ್ನಡ ಪದವನ್ನೂ ಬರೆಯಿರಿ, ಎದುರಿಗೆ ಇಂಗ್ಲಿಷ್ ಅರ್ಥ ಬರೆಯಿರಿ. ಆ ಹಾಳೆಯನ್ನು ಟೆಸ್ಟ್ ಶುರುವಾಗುವ ಮುಂಚೆಯೇ ಅವರ ಮೇಜಿನ ಮೇಲೆ ಇಡಿ.