ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನ: ಅಂಗಡಿ ನಡೆಸಿ ಕಲಿಸಿದ ನನ್ನ ಅನುಭವ

ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಪದವಿಪೂರ್ವ ಕಾಲೇಜಿನಲ್ಲಿ ನಾನು ವ್ಯವಹಾರ ಅಧ್ಯಯನದ ಉಪನ್ಯಾಸಕ. ಯೋಜನೆಯಿಂದ ನಿಯಂತ್ರಣದವರೆಗಿನ ಅಧ್ಯಾಯಗಳನ್ನು ವಿದ್ಯಾರ್ಥಿಗಳೇ ನಡೆಸುವ ಅಂಗಡಿಯ ಮೂಲಕ ಕಲಿಸುತ್ತೇನೆಂದು ಹೇಳಿದಾಗ, "ಇದು ಬಾಯಿಪಾಠದ ವಿಷಯ ಸಾರ್, ಸಿಲಬಸ್ ಮುಗಿಯುವುದಿಲ್ಲ" ಎಂದು ಎಚ್ಚರಿಸಿದ ಸಹೋದ್ಯೋಗಿಗಳೇ ಈಗ ತಮ್ಮ ವಿಭಾಗದಲ್ಲೂ ಹೀಗೆ ಮಾಡಬಹುದೇ ಎಂದು ವಿಚಾರಿಸುತ್ತಿರುವುದರಿಂದ, ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಬಂಡವಾಳವನ್ನು ಎರಡು ಭಾಗವಾಗಿ ಕೂಡಿಸಿದೆವು. ಸುಮಾರು ನಲವತ್ತು ಮಂದಿ ತಲಾ ಐವತ್ತು ರೂಪಾಯಿ ಷೇರು ಹಣ ಹಾಕಿದರು; ಉಳಿದ ಎರಡೂವರೆ ಸಾವಿರವನ್ನು ನಾನು ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿಯ ಮೇಲೆ ಸಾಲವಾಗಿ ಕೊಟ್ಟೆ. ಬಡ್ಡಿ ಏಕೆಂದು ಕೆಲವರು ಮುಖ ಸಿಂಡರಿಸಿದರು, ಆದರೆ ಹಣಕಾಸು ನಿರ್ವಹಣೆಯ ಅಧ್ಯಾಯಕ್ಕೆ ಅದೇ ಜೀವಾಳವಾಗಿತ್ತು.

ಮೊದಲು ಆರಿಸಿಕೊಂಡ ಸರಕು ಮಜ್ಜಿಗೆ ಮತ್ತು ಕೋಸಂಬರಿ. ಮಧ್ಯಾಹ್ನದ ಬಿಡುವಿನಲ್ಲಿ ಮಾರಾಟವಾಗದೆ ಉಳಿದದ್ದನ್ನು ಚೆಲ್ಲಬೇಕಾಗಿ ಬಂದು, ಏಳುನೂರು ರೂಪಾಯಿಯಷ್ಟು ಕರಗಿತು. ಬಳಿಕ ನೋಟ್‌ಬುಕ್, ಪೆನ್ನು, ಗ್ರಾಫ್ ಹಾಳೆ ಹಾಗೂ ವಿಜ್ಞಾನ ವಿಭಾಗದವರಿಗೆ ಬೇಕಾಗುವ ರೆಕಾರ್ಡ್ ಪುಸ್ತಕಗಳಿಗೆ ಬದಲಾದೆವು. ಬೆಂಗಳೂರಿನ ಅವೆನ್ಯೂ ರಸ್ತೆಯ ಸಗಟು ಅಂಗಡಿಗಳಿಂದ ನಾನೇ ಸರಕು ತರುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ನೂರಕ್ಕೆ ಹತ್ತು ಹನ್ನೆರಡು, ಪೆನ್ನಿನಲ್ಲಿ ಅದರ ಎರಡರಷ್ಟು ಉಳಿಯುತ್ತಿತ್ತಾದರೂ, ಪದೇ ಪದೇ ಹೋದರೆ ಬಸ್ ಚಾರ್ಜು ಅದನ್ನೆಲ್ಲ ನುಂಗುತ್ತಿತ್ತು. ಇದಕ್ಕಿಂತ ದೊಡ್ಡ ಹೊಡೆತ ಬಿದ್ದದ್ದು ಉದ್ರಿಯಿಂದ. ಗೆಳೆಯರಿಗೆ ಇಲ್ಲವೆನ್ನಲಾಗದೆ ಕೊಟ್ಟ ಸರಕಿನ ಹಣ ಆರುನೂರು ದಾಟಿ, ಮುಂದಿನ ಖರೀದಿಗೆ ಗಲ್ಲಾದಲ್ಲಿ ಕಾಸಿಲ್ಲದಂತಾಯಿತು. ಲಾಭವಿದ್ದೂ ದುಡಿಯುವ ಬಂಡವಾಳವಿಲ್ಲದ ಸ್ಥಿತಿ ಹೇಗಿರುತ್ತದೆ ಎಂಬುದನ್ನು ನಾನು ಪ್ರತ್ಯೇಕವಾಗಿ ವಿವರಿಸಬೇಕಾಗಲಿಲ್ಲ. "ಇಂದು ನಗದು, ನಾಳೆ ಉದ್ರಿ" ಎಂಬ ಫಲಕವನ್ನು ಅವರೇ ಬರೆದು ತೂಗುಹಾಕಿದರು.

ವಸೂಲಿಯಾದ ಮೇಲೆ ತಿಂಗಳಿಗೆ ಮುನ್ನೂರೈವತ್ತರ ಆಸುಪಾಸು ಲಾಭ ಬರತೊಡಗಿತು. ಅದರಲ್ಲಿ ಇಪ್ಪತ್ತೈದು ರೂಪಾಯಿ ನನ್ನ ಬಡ್ಡಿಗೆ ಹೋಗಿ, ಮಿಕ್ಕದ್ದು ಎರಡು ಸಾವಿರದ ಷೇರು ಹಣಕ್ಕೆ ಸೇರಿದಾಗ, ಒಟ್ಟು ಬಂಡವಾಳದ ಮೇಲೆ ನೂರಕ್ಕೆ ಎಂಟರಷ್ಟೂ ಇಲ್ಲದ ಗಳಿಕೆ ಷೇರುದಾರರ ಪಾಲಿಗೆ ಹದಿನಾರಾಗುವುದನ್ನು ಅವರು ಕಂಡರು. ಮಜ್ಜಿಗೆಯ ತಿಂಗಳಲ್ಲಿ ನಷ್ಟದ ಮೇಲೆ ಅದೇ ಬಡ್ಡಿ ಹೊರೆಯಾದದ್ದೂ ನೆನಪಿದ್ದುದರಿಂದ, ಸಾಲದ ಎರಡೂ ಮುಖಗಳು ಪರೀಕ್ಷೆಯ ಉತ್ತರಗಳಲ್ಲಿ ಬಂದವು.

ಒಂದು ವಾರ ಬೇಕೆಂದೇ ಖಜಾಂಚಿಯನ್ನು ಖರೀದಿ ನಾಯಕ ಮತ್ತು ಮಾರಾಟ ನಾಯಕಿ ಇಬ್ಬರ ಅಧೀನಕ್ಕೂ ಕೊಟ್ಟೆ. ಒಬ್ಬ ಹಣ ತಡೆಹಿಡಿ ಎನ್ನುತ್ತಾನೆ, ಇನ್ನೊಬ್ಬಳು ರಿಯಾಯಿತಿ ಕೊಡು ಎನ್ನುತ್ತಾಳೆ; ವಾರ ತುಂಬುವ ಮೊದಲೇ ಖಜಾಂಚಿ ಕೀಲಿಕೈಯನ್ನು ನನ್ನ ಮೇಜಿನ ಮೇಲಿಟ್ಟ. ಆದೇಶದ ಏಕತೆಯನ್ನೂ (ಒಬ್ಬ ನೌಕರನಿಗೆ ಒಬ್ಬನೇ ಮೇಲಧಿಕಾರಿ) ನಿರ್ದೇಶನದ ಏಕತೆಯನ್ನೂ (ಒಂದೇ ಗುರಿಯ ಕೆಲಸಗಳಿಗೆ ಒಬ್ಬನೇ ಮುಖ್ಯಸ್ಥ, ಒಂದೇ ಯೋಜನೆ) ಅದಲುಬದಲು ಬರೆಯುವವರು ಆ ತಂಡದಲ್ಲಿ ಬಹುತೇಕ ಇರಲಿಲ್ಲ. ಮೇಲಾಗಿ, ಒಬ್ಬ ಕಾರ್ಮಿಕನ ಮೇಲೆ ಎಂಟು ಮೇಲ್ವಿಚಾರಕರನ್ನು ಇರಿಸುವ ನಿರ್ವಹಣಾ ಚಿಂತಕ ಟೇಲರನ ಪದ್ಧತಿ, ಆದೇಶದ ಏಕತೆಯನ್ನು ಹೇಳಿದ ಫೆಯೋಲನ ತತ್ತ್ವಕ್ಕೆ ಹೇಗೆ ಹೊಂದುತ್ತದೆಂದು ಒಬ್ಬಳು ತಾನಾಗಿಯೇ ಕೇಳಿದಳು. ಇಷ್ಟು ವರ್ಷಗಳ ಬೋಧನೆಯಲ್ಲಿ ಆ ಪ್ರಶ್ನೆ ವಿದ್ಯಾರ್ಥಿಗಳಿಂದ ಬಂದದ್ದು ಅದೇ ಮೊದಲು.

ಎರಡು ಪೆನ್ನು, ಪೆನ್ಸಿಲ್, ರಬ್ಬರ್, ಅಳತೆಪಟ್ಟಿಗಳನ್ನು ಒಂದು ಕವರಿನಲ್ಲಿ ಹಾಕಿ ಬಿಡಿ ಬೆಲೆಗಿಂತ ಮೂರು ರೂಪಾಯಿ ಹೆಚ್ಚಿಗೆ ಮಾರಿದ ಪ್ರಯೋಗ ನಿರೀಕ್ಷೆಗೂ ಮೀರಿ ಓಡಿತು. ಪ್ಯಾಕೇಜಿಂಗ್ ಕುರಿತ ಪಾಠವನ್ನು ಅಂದೇ ಮುಗಿಸಿದೆ. ಮೊದಲು ಐವತ್ತರ ಸುತ್ತ ಇದ್ದ ತರಗತಿಯ ಸರಾಸರಿ ಅಂಕ ಈಗ ಎಪ್ಪತ್ತನ್ನು ದಾಟಿದೆ, ಆಂತರಿಕ ಮೌಲ್ಯಮಾಪನದ ಪ್ರಾಜೆಕ್ಟ್‌ಗೆ ನಕಲು ಮಾಡುವ ಪ್ರಮೇಯವೂ ಬಂದಿಲ್ಲ.

ಅಂಗಡಿಯನ್ನು ಜೂನ್ ಕೊನೆಗೆ ತೆರೆದು, ಪೂರ್ವಸಿದ್ಧತಾ ಪರೀಕ್ಷೆಗೆ ಸಾಕಷ್ಟು ಮುಂಚೆ ನವೆಂಬರಿನಲ್ಲೇ ಮುಚ್ಚಬೇಕು. ನಗದು ಪುಸ್ತಕಕ್ಕೆ ವಾರಕ್ಕೊಮ್ಮೆ ಪ್ರಾಂಶುಪಾಲರ ಸಹಿ ಹಾಕಿಸಿದರೆ ಪೋಷಕರಿಂದ ತಕರಾರು ಬರುವುದಿಲ್ಲ.