ಅಜ್ಜಿ ಮದುವೆ ಫೋಟೋದ ಹಳದಿ ಕಲೆ ಹೋಗಿದ್ದು ಹೀಗೆ

ಅಜ್ಜ-ಅಜ್ಜಿಯ ಮದುವೆಯ ಕಪ್ಪು-ಬಿಳುಪು ಫೋಟೋ ಗೋಡೆಯ ತೇವಕ್ಕೆ ಹಳದಿಯಾಗಿ, ಅಜ್ಜಿಯ ಮುಖದ ಮೇಲೇ ಹಳದಿ-ಕಂದು ಕಲೆ ಕೂತಿತ್ತು. ಮೊಬೈಲ್ ಆ್ಯಪ್ ಒಂದಕ್ಕೆ ಹಾಕಿದರೆ ಮುಖ ನುಣ್ಣಗಾಯಿತು, ಆದರೆ ಅಜ್ಜಿಯ ಮುಖವೇ ಬದಲಾಗಿಹೋಯಿತು. ಅದು ನನಗೆ ಬೇಡ.

ದಾರಿ ಸಿಕ್ಕಿದ್ದು ಸ್ಕ್ಯಾನಿಂಗ್‌ನಲ್ಲೇ. ಕಪ್ಪು-ಬಿಳುಪು ಫೋಟೋ ಅಂತ ಗ್ರೇಸ್ಕೇಲ್‌ನಲ್ಲಿ (ಬಣ್ಣವಿಲ್ಲದೆ ಬೂದು ಛಾಯೆಗಳಲ್ಲಷ್ಟೇ) ಸ್ಕ್ಯಾನ್ ಮಾಡಬೇಡಿ; ಕಲರ್‌ನಲ್ಲೇ, 600 ಡಿಪಿಐಗೆ (ಇಂಚಿಗೆ 600 ಚುಕ್ಕಿ), ಗುಣಮಟ್ಟ ಕೆಡದ ಟಿಫ್ ಫೈಲಾಗಿ ತೆಗೆಯಿರಿ. ಗಿಂಪ್ ಎಂಬ ಉಚಿತ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು (ಚಿತ್ರದ ಒಂದೊಂದು ಬಣ್ಣದ ಪಾಲು) ಬಿಡಿಬಿಡಿಯಾಗಿ ನೋಡಿದೆ. ಹಳದಿ ಕಲೆ ನೀಲಿ ಬೆಳಕನ್ನು ಹೀರಿಕೊಳ್ಳುತ್ತದಲ್ಲ, ಹಾಗಾಗಿ ನೀಲಿ ಚಾನೆಲ್‌ನಲ್ಲಿ ಅದು ಕಪ್ಪಗೆ ಕಣ್ಣಿಗೆ ರಾಚುತ್ತಿತ್ತು. ಕೆಂಪಿನಲ್ಲಿ ಹೆಚ್ಚುಕಡಿಮೆ ಮಾಯ! ಕಲೆಯಡಿ ಮುಚ್ಚಿಹೋಗಿದ್ದ ಮೂಗುಬೊಟ್ಟು ಕೂಡ ಕಾಣಿಸಿತು. ಆ ಕೆಂಪು ಚಾನೆಲ್ ಒಂದನ್ನೇ ಇಟ್ಟುಕೊಂಡು, ಕಪ್ಪು-ಬಿಳುಪಿನ ಮಟ್ಟ ಹೊಂದಿಸುವ 'ಲೆವೆಲ್ಸ್‌'ನಲ್ಲಿ ಕಾಂಟ್ರಾಸ್ಟ್ ಸರಿಮಾಡಿದೆ.

ಮಡಿಕೆಯ ಗೆರೆ, ಚುಕ್ಕಿಗಳಿಗೆ ಹೊಸ ಲೇಯರ್ (ಚಿತ್ರದ ಮೇಲಿನ ಪಾರದರ್ಶಕ ಪದರ) ಮೇಲೆ, ಸುತ್ತಲಿನ ಬಣ್ಣಕ್ಕೆ ಬೆರೆಸಿ ತೇಪೆ ಹಾಕುವ ಹೀಲ್ ಟೂಲ್; ಕೆಳಗಿನ ಲೇಯರ್‌ನಿಂದಲೂ ನಕಲು ತೆಗೆಯಲು 'ಸ್ಯಾಂಪಲ್ ಮರ್ಜ್ಡ್' ಆನ್ ಇರಲಿ. ಕಣ್ಣು, ತುಟಿಯ ಅಂಚಿನಲ್ಲಿ ಹೀಲ್ ಮಸುಕು ಮಾಡುತ್ತದೆ. ಅಲ್ಲಿ ಒಂದು ಜಾಗವನ್ನು ಇದ್ದ ಹಾಗೇ ನಕಲು ಮಾಡುವ, ಚಿಕ್ಕ ಬ್ರಷ್‌ನ ಕ್ಲೋನ್ ಟೂಲೇ ಸರಿ. ಗಲ್ಲದ ಮಚ್ಚೆಯನ್ನು ನಾನು ಮುಟ್ಟಲಿಲ್ಲ. ಅಮ್ಮನಿಗೂ ಅದೇ ಜಾಗದಲ್ಲಿದೆ.

ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ದಯವಿಟ್ಟು ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ.