ಹಳದಿ ಮಾರ್ಗದ 16 ನಿಲ್ದಾಣ, ಒಂದು ಫ್ಲಟರ್ ಆ್ಯಪ್: ಹೊಸಬರಿಗೆ ಕೈಪಿಡಿ

ಒಂದೇ ಕೋಡ್‌ನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಮಾಡಿಕೊಡುವ ಸಾಧನ ಫ್ಲಟರ್. ಅದನ್ನು ಕಲಿಯಲು ಕೂತವರು ಕೈಬಿಡುವುದು ಹೆಚ್ಚಾಗಿ ಎರಡು ಕಡೆ. ಒಂದು, ಇನ್‌ಸ್ಟಾಲ್ ಮಾಡುವಾಗ. ಇನ್ನೊಂದು, ತಯಾರಾದ ಆ್ಯಪನ್ನು ಬೇರೆಯವರ ಫೋನಿಗೆ ಹಾಕಿಕೊಡುವಾಗ. ಫ್ಲಟರ್ ಕೋಡ್ ಬರೆಯುವ ಡಾರ್ಟ್ ಭಾಷೆ ಅಷ್ಟೇನೂ ಕಾಡುವುದಿಲ್ಲ. ಜಾವಾ, ಜಾವಾಸ್ಕ್ರಿಪ್ಟ್ ಎರಡರಲ್ಲಿ ಒಂದು ಬಂದರೂ ಶನಿವಾರ-ಭಾನುವಾರದಲ್ಲಿ ಕೈಗೆ ಹತ್ತುತ್ತದೆ. ಆದ್ದರಿಂದ ಇಲ್ಲಿ ಒಂದೇ ಚಿಕ್ಕ ಆ್ಯಪನ್ನು ಹಿಡಿದು, ಇನ್‌ಸ್ಟಾಲ್‌ನಿಂದ ಪ್ಲೇ ಸ್ಟೋರ್ ಬಾಗಿಲವರೆಗೆ ಹೋಗೋಣ.

ಆ್ಯಪ್ ಇಷ್ಟೇ: ನಮ್ಮ ಮೆಟ್ರೊ ಹಳದಿ ಮಾರ್ಗದ ನಿಲ್ದಾಣಗಳ ಪಟ್ಟಿ, ಮೇಲೊಂದು ಹುಡುಕುವ ಪೆಟ್ಟಿಗೆ. 2025ರ ಆಗಸ್ಟ್‌ನಲ್ಲಿ ಶುರುವಾದ ಈ ಮಾರ್ಗದಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 16 ನಿಲ್ದಾಣಗಳಿವೆ. ನೇರಳೆ ಮಾರ್ಗದ 37 ಹೆಸರುಗಳನ್ನು ಮೊದಲ ದಿನವೇ ಟೈಪ್ ಮಾಡುತ್ತ ಕೂರುವುದು ಬೇಡ.

ಫ್ಲಟರ್ರೇ ಯಾಕೆ ಎಂಬ ಪ್ರಶ್ನೆಗೆ ಚಿಕ್ಕ ಉತ್ತರ. ಗೂಗಲ್‌ನ ಫ್ಲಟರ್ 1.0 ಆವೃತ್ತಿ 2018ರ ಡಿಸೆಂಬರ್‌ನಲ್ಲಿ ಬಂತು. ಬಟನ್, ಪಟ್ಟಿ, ಅಕ್ಷರ ಎಲ್ಲವನ್ನೂ ಅದು ತಾನೇ ಪರದೆಯ ಮೇಲೆ ಬಿಡಿಸುತ್ತದೆ. ಹಾಗಾಗಿ ಆಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ ನೋಟ ಒಂದೇ. ಇದೇ ಕೆಲಸಕ್ಕೆ 2015ರಲ್ಲಿ ಫೇಸ್‌ಬುಕ್ ಹೊರತಂದ ರಿಯಾಕ್ಟ್ ನೇಟಿವ್ ಆಯಾ ಫೋನಿನ ಸ್ವಂತ ಬಟನ್‌ಗಳನ್ನೇ ಬಳಸುತ್ತದೆ. ನಿಮ್ಮ ತಂಡ ಈಗಾಗಲೇ ರಿಯಾಕ್ಟ್‌ನಲ್ಲಿ ವೆಬ್‌ಸೈಟ್ ಮಾಡುತ್ತಿದ್ದರೆ ಅದನ್ನೇ ಆರಿಸಿಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಎರಡರ ನಡುವೆ ಮೂರು ವಾರ ತೂಗಿ ನೋಡುವುದು ಮಾತ್ರ ದಂಡ.

ಕಂಪ್ಯೂಟರ್ ಮತ್ತು ಇನ್‌ಸ್ಟಾಲ್

16 ಜಿಬಿ ರ್ಯಾಮ್ ಇದ್ದರೆ ನೆಮ್ಮದಿ. 8 ಜಿಬಿಯಲ್ಲೂ ನಡೆಯುತ್ತದೆ, ಆದರೆ ಎಮ್ಯುಲೇಟರ್ (ಕಂಪ್ಯೂಟರ್ ಒಳಗೇ ಓಡುವ ನಕಲಿ ಫೋನ್) ಆಸೆ ಬಿಡಿ. ಕೋಡ್ ಬರೆಯಲು ವಿಎಸ್ ಕೋಡ್, ಓಡಿಸಲು ನಿಮ್ಮದೇ ಫೋನ್. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಹಾರ್ಡ್ ಡಿಸ್ಕ್ ಇದ್ದರೆ ಎಸ್.ಪಿ. ರಸ್ತೆಗೆ ಹೋಗಿ ಎಸ್‌ಎಸ್‌ಡಿ ಹಾಕಿಸಿಕೊಳ್ಳಿ, ಬಿಲ್ಡ್ ಸಮಯದಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 20 ಜಿಬಿಯಾದರೂ ಜಾಗ ಖಾಲಿ ಇರಲಿ.

ಬೇಕಾದವು ನಾಲ್ಕು: ಗಿಟ್ (ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಟೂಲ್), ಫ್ಲಟರ್ ಎಸ್‌ಡಿಕೆ (ಆ್ಯಪ್ ಕಟ್ಟುವ ಟೂಲ್‌ಗಳ ಗಂಟು), ಆಂಡ್ರಾಯ್ಡ್ ಸ್ಟುಡಿಯೊ, ವಿಎಸ್ ಕೋಡ್. ಕೋಡನ್ನು ವಿಎಸ್ ಕೋಡ್‌ನಲ್ಲೇ ಬರೆದರೂ ಆಂಡ್ರಾಯ್ಡ್ ಸ್ಟುಡಿಯೊ ಬಿಡುವಂತಿಲ್ಲ, ಆಂಡ್ರಾಯ್ಡ್ ಎಸ್‌ಡಿಕೆ ಅದರ ಜೊತೆಗೇ ಬರುವುದು. ವಿಂಡೋಸ್‌ನಲ್ಲಿ ಫ್ಲಟರ್ ಫೋಲ್ಡರನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಇಡಬೇಡಿ. ಅಲ್ಲಿ ಬರೆಯಲು ಅಡ್ಮಿನ್ ಅನುಮತಿ ಬೇಕು, ಮೇಲಾಗಿ ದಾರಿಯ ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಕೆಲವು ಟೂಲ್‌ಗಳು ಎಡವುತ್ತವೆ. ಸಿ ಡ್ರೈವ್‌ನಲ್ಲಿ ಡೆವ್ ಎಂಬ ಫೋಲ್ಡರ್ ಮಾಡಿ ಅಲ್ಲಿಡಿ. ಫ್ಲಟರ್‌ನ ಬಿನ್ ಫೋಲ್ಡರನ್ನು ಪಾತ್‌ಗೆ (ಕಮಾಂಡ್‌ಗಳನ್ನು ಕಂಪ್ಯೂಟರ್ ಹುಡುಕುವ ಫೋಲ್ಡರ್‌ಗಳ ಪಟ್ಟಿಗೆ) ಸೇರಿಸಿ. ತೆರೆದಿರುವ ಟರ್ಮಿನಲ್ ಮುಚ್ಚಿ ಹೊಸದು ತೆರೆಯಿರಿ. ಹಳೆಯ ಟರ್ಮಿನಲ್‌ಗೆ ಹೊಸ ಪಾತ್ ಕಾಣುವುದಿಲ್ಲ.

ಈಗ ಫ್ಲಟರ್ ಡಾಕ್ಟರ್ ಕಮಾಂಡ್ ಕೊಡಿ, ಏನೇನು ಬಾಕಿಯಿದೆ ಎಂದು ಅದು ಹೇಳುತ್ತದೆ. ಹೊಸಬರಿಗೆ ಬರುವ ಮೊದಲ ದೂರು ಬಹುತೇಕ ಒಂದೇ: ಕಮಾಂಡ್‌ಲೈನ್ ಟೂಲ್ಸ್ ಇಲ್ಲ. ಆಂಡ್ರಾಯ್ಡ್ ಸ್ಟುಡಿಯೊದ ಎಸ್‌ಡಿಕೆ ಮ್ಯಾನೇಜರ್ ತೆರೆದು, ಎಸ್‌ಡಿಕೆ ಟೂಲ್ಸ್ ಟ್ಯಾಬ್‌ನಲ್ಲಿ ಅದಕ್ಕೆ ಟಿಕ್ ಹಾಕಿ. ಎರಡನೆಯದು ಲೈಸೆನ್ಸ್: ಅದೇ ಡಾಕ್ಟರ್ ಕಮಾಂಡ್‌ಗೆ ಆಂಡ್ರಾಯ್ಡ್ ಲೈಸೆನ್ಸಸ್ ಆಪ್ಷನ್ ಸೇರಿಸಿ ಓಡಿಸಿ, ಕೇಳಿದ್ದಕ್ಕೆಲ್ಲ ವೈ ಒತ್ತಿ. ಈ ಕ್ರಮ ತಿರುಗಿಸಿದರೆ ಲೈಸೆನ್ಸ್ ಕಮಾಂಡ್ ಓಡುವುದೇ ಇಲ್ಲ, ಯಾಕೆಂದರೆ ಅದಕ್ಕೆ ಆ ಟೂಲ್ಸ್ ಬೇಕು. ಆಂಡ್ರಾಯ್ಡ್ ಸಾಲಿಗೆ ಹಸಿರು ಟಿಕ್ ಬಂದರೆ ಸಾಕು. ವಿಂಡೋಸ್ ಆ್ಯಪ್‌ಗೆ ವಿಷುಯಲ್ ಸ್ಟುಡಿಯೊ ಇಲ್ಲ ಎಂಬ ಎಚ್ಚರಿಕೆ ಉಳಿದರೆ ಉಳಿಯಲಿ.

ಫೋನ್ ಜೋಡಿಸುವುದು

ಸೆಟ್ಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅದರಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಕೇಬಲ್ ಚುಚ್ಚಿ, ಫೋನಿನಲ್ಲಿ ಬರುವ ಅನುಮತಿ ಪ್ರಶ್ನೆಗೆ ಒಪ್ಪಿಗೆ ಕೊಡಿ. ಫ್ಲಟರ್ ಡಿವೈಸಸ್ ಕಮಾಂಡ್‌ನಲ್ಲಿ ಫೋನ್ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ. ಪುಟ್‌ಪಾತ್‌ನಲ್ಲಿ ಸಿಗುವ ಎಷ್ಟೋ ಕೇಬಲ್‌ಗಳು ಚಾರ್ಜ್ ಮಾತ್ರ ಮಾಡುತ್ತವೆ, ಡೇಟಾ ದಾಟಿಸುವುದಿಲ್ಲ. ಶಿಯೋಮಿ ಫೋನ್‌ಗಳಲ್ಲಿ ಯುಎಸ್‌ಬಿ ಮೂಲಕ ಇನ್‌ಸ್ಟಾಲ್ ಮಾಡಲು ಬೇರೆಯೇ ಸ್ವಿಚ್ ಇದೆ; ಅದು ಆಫ್ ಇದ್ದರೆ ಬಿಲ್ಡ್ ಪೂರ್ತಿ ಮುಗಿದು ಕೊನೆಯಲ್ಲಿ ಕೈಕೊಡುತ್ತದೆ.

ಪ್ರಾಜೆಕ್ಟ್

ಹೊಸ ಪ್ರಾಜೆಕ್ಟ್ ಮಾಡುವ ಫ್ಲಟರ್ ಕ್ರಿಯೇಟ್ ಕಮಾಂಡ್ ಕೊಡುವಾಗ ಅದರ ಹೆಸರಿನಲ್ಲಿ ಸಣ್ಣಕ್ಷರ, ಅಂಕಿ ಮತ್ತು ಅಂಡರ್‌ಸ್ಕೋರ್ ಮಾತ್ರ ಇರಬೇಕು, ಹೈಫನ್ ಒಪ್ಪುವುದಿಲ್ಲ. ಆ್ಯಪ್ ಐಡಿಯ ಮೊದಲ ಭಾಗ ಹೇಳುವ ಆರ್ಗ್ ಆಪ್ಷನ್ ಕೂಡ ಆಗಲೇ ಕೊಟ್ಟುಬಿಡಿ. ಕೊಡದಿದ್ದರೆ ಆ್ಯಪ್ ಐಡಿ ಕಾಮ್ ಡಾಟ್ ಎಕ್ಸಾಂಪಲ್ ಎಂದು ಶುರುವಾಗುತ್ತದೆ, ಅದನ್ನು ಪ್ಲೇ ಸ್ಟೋರ್ ತೆಗೆದುಕೊಳ್ಳುವುದಿಲ್ಲ. ಒಮ್ಮೆ ಪ್ರಕಟಿಸಿದ ಮೇಲಂತೂ ಐಡಿ ಬದಲಾಯಿಸುವಂತೆಯೇ ಇಲ್ಲ. ನಮ್ಮ ಕಡೆಯವರು ಡೊಮೇನ್ ನೆನಪಿನಲ್ಲಿ 'ಇನ್' ಎಂದು ಶುರು ಮಾಡುವುದುಂಟು. ಆ ಪದ ಆಂಡ್ರಾಯ್ಡ್ ಕಡೆ ಬಳಸುವ ಕಾಟ್ಲಿನ್ ಭಾಷೆಯಲ್ಲಿ ಕಾಯ್ದಿರಿಸಿದ್ದು, ಸುಮ್ಮನೆ ತಂಟೆ. 'ಕಾಮ್' ಎಂದೇ ಇಡಿ.

ಆ್ಯಪ್ ಓಡಿಸುವ ಕಮಾಂಡ್ ಫ್ಲಟರ್ ರನ್. ಮೊದಲ ಸಲ ಅದು ನಿಧಾನ. ಆಂಡ್ರಾಯ್ಡ್ ಆ್ಯಪ್ ಕಟ್ಟುವ ಟೂಲ್ ಗ್ರೇಡಲ್ ತನಗೆ ಬೇಕಾದುದನ್ನೆಲ್ಲ ಆಗ ಇಳಿಸಿಕೊಳ್ಳುತ್ತದೆ. ಪಿಜಿ ವೈಫೈ ಅಥವಾ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೂತಿದ್ದರೆ ತಾಳ್ಮೆ ಬೇಕು, ನಡುವೆ ನಿಲ್ಲಿಸಬೇಡಿ. ಕ್ಲಾಸ್ ಫೈಲ್‌ನ ಮೇಜರ್ ವರ್ಷನ್ ಸರಿಯಿಲ್ಲ ಎಂಬ ಎರರ್ ಬಂದರೆ, ಗ್ರೇಡಲ್‌ಗೆ ಅರ್ಥವಾಗದಷ್ಟು ಹೊಸ ಜಾವಾ ನಿಮ್ಮಲ್ಲಿದೆ ಎಂದರ್ಥ. ಫ್ಲಟರ್ ಕಾನ್ಫಿಗ್‌ನ ಜೆಡಿಕೆ ಡಿರ್ ಆಪ್ಷನ್‌ನಿಂದ ಆಂಡ್ರಾಯ್ಡ್ ಸ್ಟುಡಿಯೊ ಒಳಗಿನ ಜಾವಾವನ್ನು ತೋರಿಸಿ.

ಆ್ಯಪ್ ಓಡುತ್ತಿರುವಾಗ ಟರ್ಮಿನಲ್‌ನಲ್ಲಿ ಸಣ್ಣ ಆರ್ ಒತ್ತಿದರೆ ಹಾಟ್ ರಿಲೋಡ್, ದೊಡ್ಡ ಆರ್ ಒತ್ತಿದರೆ ಹಾಟ್ ರೀಸ್ಟಾರ್ಟ್. ರಿಲೋಡ್ ಈಗಿರುವ ಸ್ಥಿತಿಯನ್ನು ಹಾಗೇ ಉಳಿಸಿಕೊಂಡು ಪರದೆಯನ್ನಷ್ಟೇ ಮತ್ತೆ ಕಟ್ಟುತ್ತದೆ. ಮೇನ್ ಫಂಕ್ಷನ್ ಅಥವಾ ಇನಿಟ್‌ಸ್ಟೇಟ್ (ಪರದೆ ಶುರುವಾಗುವಾಗ ಒಮ್ಮೆ ಮಾತ್ರ ಓಡುವ ಭಾಗ) ಒಳಗೆ ಬದಲಾಯಿಸಿದ್ದು ಅದರಿಂದ ಜಾರಿಗೆ ಬರುವುದಿಲ್ಲ, ರೀಸ್ಟಾರ್ಟ್ ಬೇಕು. ಪ್ಯಾಕೇಜ್, ಅಸೆಟ್‌ಗಳ ಪಟ್ಟಿ ಇರುವ ಪಬ್‌ಸ್ಪೆಕ್ ಫೈಲ್ ಮುಟ್ಟಿದರೆ ಆ್ಯಪ್ ಪೂರ್ತಿ ನಿಲ್ಲಿಸಿ ಮತ್ತೆ ಓಡಿಸಿ. ಈ ಮೂರು ನೆನಪಿದ್ದರೆ 'ಕೋಡ್ ಬದಲಾಯಿಸಿದರೂ ಏನೂ ಆಗ್ತಿಲ್ಲ' ಎಂಬ ಗೋಳು ತಪ್ಪುತ್ತದೆ.

ಪಟ್ಟಿ ಕಟ್ಟುವುದು

ನಿಲ್ದಾಣಗಳನ್ನು ಒಂದು ಜೇಸನ್ ಫೈಲ್‌ನಲ್ಲಿಡಿ: ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಕನ್ನಡ ಹೆಸರು, ಇಂಗ್ಲಿಷ್ ಹೆಸರು, ಬೇರೆ ಮಾರ್ಗಕ್ಕೆ ಬದಲಾಯಿಸುವ ಅವಕಾಶವಿದೆಯೇ ಎಂಬ ಗುರುತು. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗ ಸಿಗುತ್ತದೆ, ಆ ಗುರುತು ಅಲ್ಲಿಗೆ. ಫೈಲನ್ನು ಅಸೆಟ್ಸ್ ಫೋಲ್ಡರ್‌ಗೆ ಹಾಕಿ ಪಬ್‌ಸ್ಪೆಕ್‌ನಲ್ಲಿ ಹೆಸರಿಸಿ. ಪಬ್‌ಸ್ಪೆಕ್‌ನಲ್ಲಿ ಟ್ಯಾಬ್ ಬಳಸಬೇಡಿ, ಎರಡೆರಡು ಸ್ಪೇಸ್ ಮಾತ್ರ. ಒಂದು ಸ್ಪೇಸ್ ಹೆಚ್ಚುಕಡಿಮೆಯಾದರೂ ಅಸೆಟ್ ಸಿಗುತ್ತಿಲ್ಲ ಎನ್ನುತ್ತದೆ. ಫೋಲ್ಡರ್ ಹೆಸರು ಕೊಟ್ಟರೆ ಅದರ ನೇರ ಒಳಗಿನ ಫೈಲ್‌ಗಳಷ್ಟೇ ಸೇರುತ್ತವೆ, ಒಳಫೋಲ್ಡರ್‌ಗಳನ್ನು ಬೇರೆಯಾಗಿ ಬರೆಯಬೇಕು.

ಫ್ಲಟರ್‌ನಲ್ಲಿ ಪರದೆ ಕಟ್ಟುವುದು ವಿಜೆಟ್ ಎಂಬ ತುಂಡುಗಳಿಂದ. ಪರದೆಯ ಚೌಕಟ್ಟಿಗೆ ಒಂದು ಸ್ಕ್ಯಾಫೋಲ್ಡ್, ಒಳಗೆ ಮೇಲಿಂದ ಕೆಳಗೆ ಜೋಡಿಸುವ ಕಾಲಮ್, ಕಾಲಮ್‌ನಲ್ಲಿ ಮೇಲೆ ಹುಡುಕಲು ಟೆಕ್ಸ್ಟ್‌ಫೀಲ್ಡ್, ಕೆಳಗೆ ಪಟ್ಟಿಗೆ ಲಿಸ್ಟ್‌ವ್ಯೂ. ಹೀಗೆ ಬರೆದು ಓಡಿಸಿದ ಕೂಡಲೇ ಎತ್ತರಕ್ಕೆ ಮಿತಿಯಿಲ್ಲ ಎಂಬ ಉದ್ದನೆಯ ಎರರ್ ಬರುತ್ತದೆ. ಕಾಲಮ್ ತನ್ನ ಮಕ್ಕಳಿಗೆ 'ಎಷ್ಟು ಎತ್ತರ ಬೇಕೋ ತಗೊಳ್ಳಿ' ಎನ್ನುತ್ತದೆ, ಲಿಸ್ಟ್‌ವ್ಯೂ 'ಸಿಕ್ಕಿದ್ದನ್ನೆಲ್ಲ ತಗೊಳ್ತೀನಿ' ಎನ್ನುತ್ತದೆ; ಇಬ್ಬರಲ್ಲಿ ಯಾರೂ ಅಳತೆ ಹೇಳುವುದಿಲ್ಲ. ಲಿಸ್ಟ್‌ವ್ಯೂವನ್ನು ಎಕ್ಸ್‌ಪ್ಯಾಂಡೆಡ್ ಒಳಗೆ ಸುತ್ತಿದರೆ ಉಳಿದ ಜಾಗವೆಷ್ಟು ಎಂಬುದು ಅದಕ್ಕೆ ಗೊತ್ತಾಗುತ್ತದೆ. ಶ್ರಿಂಕ್‌ವ್ರ್ಯಾಪ್ ಟ್ರೂ ಎಂದು ಬರೆದರೂ ಎರರ್ ಹೋಗುತ್ತದೆ. ಆದರೆ ಆಗ ಕಾಣದ ಸಾಲುಗಳನ್ನೂ ಒಟ್ಟಿಗೇ ಅಳೆಯುತ್ತದೆ. 16ಕ್ಕೆ ಪರವಾಗಿಲ್ಲ, 1,600 ಸಾಲಿಗೆ ಫೋನ್ ತೆವಳುತ್ತದೆ.

ಎರಡನೆಯ ಪೆಟ್ಟು ಅಡ್ಡಡ್ಡ. ಅಡ್ಡಕ್ಕೆ ಜೋಡಿಸುವ ಒಂದು ರೋ ಮಾಡಿ ಎಡಕ್ಕೆ ಕ್ರಮಸಂಖ್ಯೆ, ನಡುವೆ ಹೆಸರು, ಬಲಕ್ಕೆ ಬದಲಾವಣೆಯ ಐಕಾನ್ ಇಟ್ಟರೆ 'ರಾಗಿಗುಡ್ಡ' ಚೆನ್ನಾಗಿ ಕೂರುತ್ತದೆ. 'ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ' ಬಂದಾಗ ಪರದೆಯ ಅಂಚಿನಲ್ಲಿ ಹಳದಿ-ಕಪ್ಪು ಪಟ್ಟೆ ಕಾಣಿಸುತ್ತದೆ. ಮದ್ದು ಅದೇ, ಹೆಸರಿನ ಟೆಕ್ಸ್ಟನ್ನು ಎಕ್ಸ್‌ಪ್ಯಾಂಡೆಡ್ ಒಳಗೆ ಹಾಕುವುದು. ಆಗ ಹೆಸರು ಎರಡನೆಯ ಸಾಲಿಗೆ ಇಳಿಯುತ್ತದೆ. ಅಕ್ಷರದ ಗಾತ್ರ ಚಿಕ್ಕದು ಮಾಡಿ ಪಾರಾಗಬೇಡಿ. ಫೋನಿನಲ್ಲಿ ದೊಡ್ಡ ಅಕ್ಷರ ಇಟ್ಟುಕೊಂಡಿರುವ ಹಿರಿಯರ ಕೈಯಲ್ಲಿ ಮತ್ತೆ ಒಡೆಯುತ್ತದೆ. ಅಂದಹಾಗೆ ಬಿಡುಗಡೆಯ ಬಿಲ್ಡ್‌ನಲ್ಲಿ ಆ ಪಟ್ಟೆ ಕಾಣುವುದಿಲ್ಲ, ಹೆಸರು ಸದ್ದಿಲ್ಲದೆ ಕತ್ತರಿಸಿಹೋಗುತ್ತದೆ.

ಹುಡುಕಾಟಕ್ಕೆ ಸೆಟ್‌ಸ್ಟೇಟ್ (ಮಾಹಿತಿ ಬದಲಾಯಿತು, ಪರದೆ ಮತ್ತೆ ಕಟ್ಟು ಎಂದು ಹೇಳುವ ಫಂಕ್ಷನ್) ಸಾಕು. ಮಾಹಿತಿ ನಿರ್ವಹಿಸುವ ಪ್ಯಾಕೇಜ್‌ಗಳಾದ ಪ್ರೊವೈಡರ್, ಬ್ಲಾಕ್, ರಿವರ್‌ಪಾಡ್ ಯಾವುದೂ ಈ ಆ್ಯಪ್‌ಗೆ ಬೇಡ. ಎರಡು ಪರದೆಗಳು ಒಂದೇ ಮಾಹಿತಿ ಹಂಚಿಕೊಳ್ಳುವ ಹೊತ್ತಿಗೆ ಅವುಗಳ ಅಗತ್ಯ ತಾನೇ ತಿಳಿಯುತ್ತದೆ. ಅಂತರ್ಜಾಲದಲ್ಲಿ ಸಿಗುವ ಪಾಠದಲ್ಲಿ ಫ್ಲಾಟ್‌ಬಟನ್, ರೇಸ್ಡ್‌ಬಟನ್ ಎಂದಿದ್ದರೆ ಅದು ಹಳತು, ಈಗ ಅವು ಟೆಕ್ಸ್ಟ್‌ಬಟನ್, ಎಲಿವೇಟೆಡ್‌ಬಟನ್.

ಕನ್ನಡಕ್ಕೆ ಬೇಕಾದ ಎಚ್ಚರ

ಇಂಗ್ಲಿಷ್ ಪಾಠಗಳು ಇದನ್ನು ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ. ಟೆಕ್ಸ್ಟ್ ಸ್ಟೈಲ್‌ನಲ್ಲಿ ಹೈಟ್ 1.0 ಇಟ್ಟರೆ ಒಂದು ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, 1.4ರಿಂದ 1.5 ಇಟ್ಟು ನೋಡಿ. ಫಾಂಟ್ ಹೇಳದಿದ್ದರೆ ಫೋನಿನಲ್ಲಿ ಇರುವ ಕನ್ನಡ ಫಾಂಟ್ ಬರುತ್ತದೆ, ಕಂಪನಿಯಿಂದ ಕಂಪನಿಗೆ ನೋಟ ಬೇರೆಯಾಗಬಹುದು. ನೋಟೊ ಸಾನ್ಸ್ ಕನ್ನಡ ಉಚಿತ. ಅದರ ಫೈಲನ್ನು ಆ್ಯಪ್ ಒಳಗೇ ಸೇರಿಸಿ. ಓಡುವಾಗ ನೆಟ್‌ನಿಂದ ಫಾಂಟ್ ಇಳಿಸುವ ಪ್ಯಾಕೇಜ್ ಇದೆ, ಆದರೆ ಸಿಗ್ನಲ್ ಇಲ್ಲದ ಕಡೆ ಅದು ನೆರವಿಗೆ ಬಾರದು.

'ಬೆಂಗಳೂರು' ಪದಕ್ಕೆ ಡಾರ್ಟ್ ಹೇಳುವ ಉದ್ದ 8, ನಮ್ಮ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಸ್ವರಚಿಹ್ನೆ, ಸೊನ್ನೆ ಎಲ್ಲವೂ ಬೇರೆ ಬೇರೆ ಎಣಿಕೆ. ಹಾಗಾಗಿ ಪದದ ತುಂಡು ಕೊಡುವ ಸಬ್‌ಸ್ಟ್ರಿಂಗ್‌ನಿಂದ 'ಮೊದಲ 10 ಅಕ್ಷರ' ಕತ್ತರಿಸಿದರೆ ಗುಣಿತ ಮುರಿದು ಬೀಳುತ್ತದೆ. ಕತ್ತರಿಸುವ ಕೆಲಸ ಟೆಕ್ಸ್ಟ್ ವಿಜೆಟ್‌ಗೇ ಬಿಡಿ, ಓವರ್‌ಫ್ಲೋ ಎಲಿಪ್ಸಿಸ್ (ಹಿಡಿಸದಿದ್ದರೆ ಮೂರು ಚುಕ್ಕೆ) ಕೊಟ್ಟರೆ ಸಾಕು.

ಹುಡುಕಾಟದಲ್ಲಿ ಇನ್ನೊಂದು ಕಾಣದ ಕಳ್ಳ ಇದೆ. 'ಸಿಲ್ಕ್‌ಬೋರ್ಡ್' ಎಂದು ಬರೆಯುವಾಗ ಕ್ ಮತ್ತು ಬೋ ಅಂಟಿಕೊಳ್ಳದಂತೆ ಕೀಬೋರ್ಡ್ ನಡುವೆ ಅಗಲವೇ ಇಲ್ಲದ ಒಂದು ಚಿಹ್ನೆ ಸೇರಿಸುತ್ತದೆ, ಯುನಿಕೋಡ್‌ನಲ್ಲಿ ಅದರ ಸಂಕೇತ 200ಸಿ. ನಿಮ್ಮ ಜೇಸನ್‌ನಲ್ಲಿ ಅದಿದ್ದು ಬಳಕೆದಾರರು ಟೈಪ್ ಮಾಡಿದ್ದರಲ್ಲಿ ಇಲ್ಲದಿದ್ದರೆ, ಹೆಸರಿನೊಳಗೆ ಆ ಪದ ಇದೆಯೇ ಎಂದು ನೋಡುವ ಕಂಟೇನ್ಸ್ ಪರೀಕ್ಷೆ ಸೋಲುತ್ತದೆ. ಹೋಲಿಸುವ ಮೊದಲು ಎರಡೂ ಕಡೆಯಿಂದ ಆ ಚಿಹ್ನೆಯನ್ನೂ ಸ್ಪೇಸ್‌ಗಳನ್ನೂ ತೆಗೆಯಿರಿ. ಇಂಗ್ಲಿಷ್ ಹೆಸರಿನಲ್ಲೂ ಹುಡುಕಿ. ಕನ್ನಡ ಚೆನ್ನಾಗಿ ಬಲ್ಲವರೂ ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷ್‌ನಲ್ಲೇ ಒತ್ತುವುದು ಹೆಚ್ಚು.

ಬಿಡುಗಡೆ

ಇಲ್ಲಿಯವರೆಗೆ ಓಡಿಸಿದ್ದು ಡಿಬಗ್ ಬಿಲ್ಡ್, ಅಂದರೆ ತಪ್ಪು ಹುಡುಕಲು ಕಟ್ಟಿದ ಆ್ಯಪ್. ಅದನ್ನು ನೋಡಿ 'ಫ್ಲಟರ್ ನಿಧಾನ, ಸೈಜ್ ದೊಡ್ಡದು' ಎಂದು ತೀರ್ಮಾನಿಸಬೇಡಿ. ವೇಗ ಅಳೆಯುವುದಾದರೆ ಪ್ರೊಫೈಲ್ ಮೋಡ್‌ನಲ್ಲಿ, ನಿಜವಾದ ಫೋನಿನಲ್ಲಿ. ಇಲ್ಲೊಂದು ಹೊಂಡವಿದೆ: ಇಂಟರ್ನೆಟ್ ಅನುಮತಿಯನ್ನು ಫ್ಲಟರ್ ಡಿಬಗ್ ಮತ್ತು ಪ್ರೊಫೈಲ್ ಮ್ಯಾನಿಫೆಸ್ಟ್‌ಗಳಲ್ಲಿ (ಆ್ಯಪ್‌ಗೆ ಬೇಕಾದ ಅನುಮತಿಗಳನ್ನು ಬರೆಯುವ ಫೈಲ್‌ಗಳು) ತಾನೇ ಬರೆದಿಟ್ಟಿರುತ್ತದೆ, ಮೇನ್ ಮ್ಯಾನಿಫೆಸ್ಟ್‌ನಲ್ಲಿ ಬರೆದಿರುವುದಿಲ್ಲ. ಮುಂದೆ ನಿಲ್ದಾಣದ ಮಾಹಿತಿಯನ್ನು ಸರ್ವರ್‌ನಿಂದ ತರಲು ಹೊರಟಾಗ ನಿಮ್ಮ ಕೈಯಲ್ಲಿ ಎಲ್ಲ ಸರಿ, ಗೆಳೆಯರ ಫೋನಿನಲ್ಲಿ ಖಾಲಿ ಪರದೆ. ಆ ಸಾಲನ್ನು ಮೇನ್ ಮ್ಯಾನಿಫೆಸ್ಟ್‌ಗೆ ನೀವೇ ಸೇರಿಸಿ. ಸರ್ವರ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇದ್ದರೆ ಎಮ್ಯುಲೇಟರ್‌ನಿಂದ ಅದರ ವಿಳಾಸ ಲೋಕಲ್‌ಹೋಸ್ಟ್ ಅಲ್ಲ, 10.0.2.2.

ಆ್ಯಪ್ ನಿಮ್ಮದೇ ಎಂದು ಸಾರುವ ಡಿಜಿಟಲ್ ಸಹಿ ಹಾಕಲು, ಜಾವಾ ಜೊತೆ ಬರುವ ಕೀಟೂಲ್‌ನಿಂದ ಒಂದು ಕೀ ಫೈಲ್ ಮಾಡಿ, ಅದರ ಪಾಸ್‌ವರ್ಡ್‌ಗಳನ್ನು ಕೀ ಪ್ರಾಪರ್ಟೀಸ್ ಫೈಲ್‌ನಲ್ಲಿಟ್ಟು ಗ್ರೇಡಲ್‌ಗೆ ತೋರಿಸಿ. ಎರಡನ್ನೂ ಗಿಟ್‌ಇಗ್ನೋರ್‌ಗೆ (ಗಿಟ್ ಮುಟ್ಟಬಾರದ ಫೈಲ್‌ಗಳ ಪಟ್ಟಿ) ಸೇರಿಸುವುದು ಗಿಟ್‌ನಲ್ಲಿ ಮೊದಲ ಸಲ ದಾಖಲಿಸುವ (ಕಮಿಟ್) ಮುಂಚೆ. ಅವುಗಳ ಒಂದು ನಕಲನ್ನು ಲ್ಯಾಪ್‌ಟಾಪ್ ಹೊರಗೂ ಇಡಿ. ಸ್ಟೋರ್‌ಗೆ ಬಿಲ್ಡ್ ಆ್ಯಪ್‌ಬಂಡಲ್ ಕಮಾಂಡ್. ಗೆಳೆಯರಿಗೆ ನೇರ ಕಳಿಸಲು ಬಿಲ್ಡ್ ಎಪಿಕೆ ಕಮಾಂಡ್ ಜೊತೆ ಸ್ಪ್ಲಿಟ್ ಪರ್ ಎಬಿಐ ಆಪ್ಷನ್, ಇಲ್ಲದಿದ್ದರೆ ಎಲ್ಲ ಬಗೆಯ ಪ್ರೊಸೆಸರ್‌ಗಳ ಕೋಡ್ ಒಂದೇ ಫೈಲ್‌ನಲ್ಲಿ ತುಂಬಿ ಭಾರವಾಗುತ್ತದೆ.

ಐಫೋನ್‌ಗೆ ಮ್ಯಾಕ್ ಮತ್ತು ಅದರಲ್ಲಿ ಓಡುವ ಆ್ಯಪಲ್‌ನ ಟೂಲ್ ಎಕ್ಸ್‌ಕೋಡ್ ಇಲ್ಲದೆ ಬಿಲ್ಡ್ ಆಗದು. ಉಚಿತ ಆ್ಯಪಲ್ ಐಡಿಯಿಂದ ಸ್ವಂತ ಫೋನಿಗೆ ಹಾಕಿಕೊಳ್ಳಬಹುದು, ಆದರೆ ಏಳು ದಿನಕ್ಕೆ ಅವಧಿ ಮುಗಿಯುತ್ತದೆ. ಆ್ಯಪ್ ಸ್ಟೋರ್‌ಗೆ ವರ್ಷಕ್ಕೆ 99 ಡಾಲರ್. ಮ್ಯಾಕ್ ಇಲ್ಲದವರು ಮೊದಲು ಆಂಡ್ರಾಯ್ಡ್ ಮುಗಿಸಿಕೊಳ್ಳಿ.

ಪ್ಲೇ ಸ್ಟೋರ್ ಖಾತೆಗೆ ಒಂದೇ ಸಲ 25 ಡಾಲರ್. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಸಾರ್ವಜನಿಕವಾಗಿ ಬಿಡುವ ಮೊದಲು ಕನಿಷ್ಠ 12 ಜನ ಪರೀಕ್ಷಕರು ಸತತ 14 ದಿನ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ (ನೀವು ಆಯ್ದವರಿಗೆ ಮಾತ್ರ ಆ್ಯಪ್ ಸಿಗುವ ಹಂತ) ಇರಲೇಬೇಕು. ಯಾರಾದರೂ ನಡುವೆ ಹೊರಬಿದ್ದರೆ ಎಣಿಕೆ ಕೆಡುತ್ತದೆ, ಅದಕ್ಕೆ 15-16 ಜನರನ್ನು ಸೇರಿಸಿಕೊಳ್ಳಿ. ಕೋಡ್ ಮುಗಿದ ಮೇಲಲ್ಲ, ಪಟ್ಟಿ ಪರದೆಯ ಮೇಲೆ ಕಂಡ ದಿನವೇ ಜನರನ್ನು ಹುಡುಕಲು ಶುರು ಮಾಡಿ. ಹಳದಿ ಮಾರ್ಗದಲ್ಲಿ ದಿನವೂ ಎಲೆಕ್ಟ್ರಾನಿಕ್ ಸಿಟಿಗೆ ಓಡಾಡುವ ಸಹೋದ್ಯೋಗಿಗಳು ಸಿಕ್ಕರೆ ಒಳ್ಳೆಯದು, ನಿಲ್ದಾಣದ ಹೆಸರಿನ ಕಾಗುಣಿತ ತಪ್ಪಿದ್ದರೆ ಅವರೇ ಮೊದಲು ಹಿಡಿಯುತ್ತಾರೆ.